ತೋಳದ ಲೇಖನ ಓದಿದ ಮೇಲೆ ಪುಟ್ಟಿಗೆ ಬರೆದದ್ದು

ಪ್ರೀತಿಯ ಪುಟ್ಟಿ,

ಆಶೀರ್ವಾದ. ನೀನು ಕಳಿಸಿದ ಲೇಖನವನ್ನು ನಿನ್ನೆ ರಾತ್ರಿ ಓದಿದೆ. ಬೆಳಿಗ್ಗೆ ಎದ್ದು ಇನ್ನೊಂದು ಸಲ ಓದಿದೆ. ನಿನ್ನ ಕೈ ಚೆನ್ನಾಗಿದೆ ಕಣೇ. ಮರಿಗಳ ಕೂಗಿನಿಂದ ಶುರು ಮಾಡಿದ್ದೀಯಲ್ಲ, ಅದನ್ನು ಓದಿದವರು ಅರ್ಧಕ್ಕೆ ಬಿಟ್ಟು ಏಳುವುದಿಲ್ಲ. ಜೀವಶಾಸ್ತ್ರದಲ್ಲಿ ಹೊಸದಾಗಿ ಏನಾಗುತ್ತಿದೆ ಅಂತ ಎಲ್ಲರಿಗೂ ತಿಳಿಯುವ ಹಾಗೆ ಬರೆಯಬೇಕು ಅಂತ ನೀನು ಹೊರಟಾಗಿನಿಂದ ನನಗೆ ಒಳಗೊಳಗೇ ಹೆಮ್ಮೆ. ಅದಕ್ಕೇ ಈ ಪತ್ರ ಸ್ವಲ್ಪ ಉದ್ದ ಆಗಬಹುದು. ಬಿಡುವು ಮಾಡಿಕೊಂಡು ಓದು.

‘ಸತ್ತ ತೋಳ ಎದ್ದು ಬಂತು’ ಅಂತ ತಲೆಬರಹ ಕೊಟ್ಟಿದ್ದೀಯ. ಎದ್ದು ಬಂದದ್ದು ಏನು ಅಂತ ಒಮ್ಮೆ ಲೆಕ್ಕ ಹಾಕೋಣ. 2025ರ ಏಪ್ರಿಲ್‌ನಲ್ಲಿ ಕೊಲಾಸಲ್ ಅನ್ನುವ ಅಮೆರಿಕದ ಜೈವಿಕ ತಂತ್ರಜ್ಞಾನ ಕಂಪನಿಯವರು ಮೂರು ಮರಿಗಳನ್ನು ತೋರಿಸಿ, ಸಾವಿರಾರು ವರ್ಷಗಳ ಹಿಂದೆ ಅಳಿದುಹೋದ ಡೈರ್ ತೋಳ ಮತ್ತೆ ಹುಟ್ಟಿದೆ ಅಂದರು. ಅವರು ಮಾಡಿದ್ದು ಇಷ್ಟು. 13,000 ವರ್ಷ ಹಳೆಯ ಹಲ್ಲು ಮತ್ತು 72,000 ವರ್ಷ ಹಳೆಯ ತಲೆಬುರುಡೆಯಿಂದ ಡಿಎನ್‌ಎ ತೆಗೆದು ಓದಿದರು. ಆಮೇಲೆ ಇವತ್ತಿನ ಬೂದು ತೋಳದ ರಕ್ತದಿಂದ ಜೀವಕೋಶ ತೆಗೆದುಕೊಂಡು, ಅದರ ಡಿಎನ್‌ಎಯ ತುಣುಕುಗಳಾದ 14 ಜೀನ್‌ಗಳಲ್ಲಿ 20 ಕಡೆ ತಿದ್ದಿದರು. ತಿದ್ದಿದ ಕೋಶದ ನ್ಯೂಕ್ಲಿಯಸ್ಸನ್ನು, ಅಂದರೆ ಡಿಎನ್‌ಎ ಇರುವ ಭಾಗವನ್ನು, ನಾಯಿಯ ಅಂಡದೊಳಗೆ ಇಟ್ಟು, ನಾಯಿಯ ಗರ್ಭದಲ್ಲೇ ಮರಿ ಬೆಳೆಸಿದರು. ಆ 20 ತಿದ್ದುಪಡಿಗಳಲ್ಲಿ ಹಳೆಯ ತೋಳದ ಡಿಎನ್‌ಎ ನೋಡಿ ಮಾಡಿದ್ದು 15. ತೋಳದ ಇಡೀ ಡಿಎನ್‌ಎಯಲ್ಲಿ ಇರುವ ಅಕ್ಷರಗಳು, ಅಂದರೆ ಅದನ್ನು ಕಟ್ಟಿದ ಚಿಕ್ಕ ಘಟಕಗಳು, ಸುಮಾರು 240 ಕೋಟಿ. 240 ಕೋಟಿಯಲ್ಲಿ 20. ಡೈರ್ ತೋಳ, ಬೂದು ತೋಳ ಈ ಎರಡು ವಂಶಗಳು ಬೇರೆಯಾಗಿ ಸುಮಾರು 57 ಲಕ್ಷ ವರ್ಷ ಆಗಿದೆ ಅಂತ 2021ರಲ್ಲೇ ಒಂದು ದೊಡ್ಡ ಅಧ್ಯಯನ ಹೇಳಿತ್ತು.

ಹಾಗಂತ ಕೆಲಸ ಸಣ್ಣದಲ್ಲ. ಒಂದೇ ಪ್ರಾಣಿಯಲ್ಲಿ 20 ಕಡೆ ಬೇಕಾದ ಹಾಗೆ ತಿದ್ದಿ, ಅದು ಆರೋಗ್ಯವಾಗಿ ಹುಟ್ಟಿ ಓಡಾಡುವುದು ಅಂದರೆ ನಾನು ಓದುವ ಕಾಲದಲ್ಲಿ ಕನಸಿನ ಮಾತು. ಅದನ್ನೇ ಬರೆದರೂ ಸುದ್ದಿ ದೊಡ್ಡದೇ. ಆದರೆ ಹುಟ್ಟಿದ್ದು ತಿದ್ದಿದ ಬೂದು ತೋಳ. ಇದು ನಿನಗೂ ಗೊತ್ತು. ಲೇಖನದಲ್ಲಿ ಬರೆದೂ ಇದ್ದೀಯ, ಒಂಬತ್ತನೇ ಪ್ಯಾರಾದಲ್ಲಿ. ನನಗೆ ಅಲ್ಲೇ ತಳಮಳ ಆಯಿತು. ಯಾಕೆ ಅಂತ ಹೇಳಬೇಕಾದರೆ ನನ್ನದೇ ಒಂದು ತಪ್ಪನ್ನು ಹೇಳಬೇಕು. ಇಷ್ಟು ವರ್ಷ ಮನೆಯಲ್ಲಿ ಯಾರಿಗೂ ಹೇಳಿಲ್ಲ.

ನಾನು ವಿಜ್ಞಾನದ ಬಗ್ಗೆ ಬರೆಯಲು ಶುರು ಮಾಡಿ ಎರಡನೇ ವರ್ಷ. ಮಕ್ಕಳ ಸ್ನಾಯುಗಳು ದಿನೇ ದಿನೇ ಬಲ ಕಳೆದುಕೊಳ್ಳುವ ಒಂದು ಕಾಯಿಲೆ ಇದೆಯಲ್ಲ, ಅದರ ಹೊಸ ಚಿಕಿತ್ಸೆಯ ಬಗ್ಗೆ ಬರೆದಿದ್ದೆ. ಪ್ರಯೋಗ ನಡೆದದ್ದು ಇಲಿಗಳ ಮೇಲೆ. ಇಲಿ ಅಂತ ಬರೆದಿದ್ದೆ ಕೂಡ, ಕೊನೆಯ ಹತ್ತಿರ, ಒಂದು ಸಲ. ತಲೆಬರಹದಲ್ಲಿ ‘ಆಶಾಕಿರಣ’ ಅಂತ ಇತ್ತು. ನಾಲ್ಕು ದಿನ ಆದ ಮೇಲೆ ಒಬ್ಬ ತಂದೆ ಪತ್ರ ಬರೆದರು. ಮಗನಿಗೆ ಒಂಬತ್ತು ವರ್ಷ, ಮೆಟ್ಟಿಲು ಹತ್ತುವುದಕ್ಕೆ ಆಗುವುದಿಲ್ಲ, ಈ ಚಿಕಿತ್ಸೆ ಎಲ್ಲಿ ಕೊಡುತ್ತಾರೆ, ವಿಳಾಸ ಕಳಿಸಿ ಅಂತ. ಜೊತೆಗೆ ನನ್ನ ಲೇಖನವನ್ನೇ ಕತ್ತರಿಸಿ ಇಟ್ಟಿದ್ದರು. ನೀಲಿ ಪೆನ್ನಿನಲ್ಲಿ ಒಂದೊಂದು ಸಾಲಿನ ಕೆಳಗೂ ಗೆರೆ ಎಳೆದಿದ್ದರು. ಗೆರೆಗಳು ಹೋಗುತ್ತಾ ಹೋಗುತ್ತಾ, ಇಲಿ ಅನ್ನುವ ಪದ ಇದ್ದ ಸಾಲಿಗಿಂತ ಸ್ವಲ್ಪ ಮೇಲೆ ನಿಂತುಹೋಗಿದ್ದವು. ಅಲ್ಲಿಗೆ ಓದಿ ಅವರು ಪತ್ರ ಬರೆಯಲು ಕೂತಿದ್ದಾರೆ. ಆ ಉತ್ತರ ಬರೆಯುವುದಕ್ಕೆ ನನಗೆ ಮೂರು ದಿನ ಬೇಕಾಯಿತು.

ಅವತ್ತಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಪ್ರಯೋಗ ನಡೆದದ್ದು ಯಾವುದರ ಮೇಲೆ ಅನ್ನುವುದು ತಲೆಬರಹದಲ್ಲೇ ಇರಬೇಕು. ಆಗದಿದ್ದರೆ ಮೊದಲ ಸಾಲಿನಲ್ಲಿ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶವೋ, ಹಣ್ಣಿನ ನೊಣವೋ, ಇಲಿಯೋ, ಮನುಷ್ಯರೋ. ಮನುಷ್ಯರಾದರೆ ಎಷ್ಟು ಜನ. ಅದನ್ನು ಹೇಳಿದರೆ ಸುದ್ದಿ ಸಪ್ಪೆ ಆಗುತ್ತದೆ ಅಂತ ನಿನಗೆ ಅನ್ನಿಸಬಹುದು. ಸಪ್ಪೆ ಆಗುವುದೇ ಆದರೆ ಅದರಲ್ಲಿ ಇದ್ದ ರುಚಿ ಅಷ್ಟೇ ಅಂತ ತಿಳಿದುಕೋ.

ಐವರ್‌ಮೆಕ್ಟಿನ್ ಕತೆ ನಿನಗೆ ನೆನಪಿರಬೇಕು. 2020ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಒಂದು ಪ್ರಯೋಗಾಲಯ, ಆ ಔಷಧ 48 ಗಂಟೆಯಲ್ಲಿ ಕೊರೊನಾ ವೈರಸ್ಸನ್ನು ಸುಮಾರು 5000 ಪಟ್ಟು ಇಳಿಸಿತು ಅಂತ ವರದಿ ಮಾಡಿತು. ಸುಳ್ಳಲ್ಲ, ಇಳಿಸಿತ್ತು. ಎಲ್ಲಿ? ಮಂಗದ ಮೂತ್ರಪಿಂಡದಿಂದ ಬಂದ, ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲಿ. ಅಲ್ಲಿ ಹಾಕಿದ ಔಷಧದ ಪ್ರಮಾಣ, ಮಾಮೂಲಿ ಡೋಸ್ ನುಂಗಿದ ಮನುಷ್ಯನ ರಕ್ತದಲ್ಲಿ ಸೇರುವುದಕ್ಕಿಂತ ಬಹಳ ಜಾಸ್ತಿ. ಈ ಎರಡು ವಾಕ್ಯ ಬಿಟ್ಟು ಮಿಕ್ಕಿದ್ದೆಲ್ಲ ಜಗತ್ತು ಸುತ್ತಿತು. ದನ, ಕುದುರೆಗಳಿಗೆ ಅಂತ ಮಾಡಿದ ಔಷಧವನ್ನು ಜನ ತಾವೇ ನುಂಗಿ ಆಸ್ಪತ್ರೆ ಸೇರಿದರು. ಮುಂದೆ ದೊಡ್ಡ ಪ್ರಯೋಗಗಳು ಮುಗಿದಾಗ ಕೋವಿಡ್‌ಗೆ ಅದರಿಂದ ಹೇಳಿಕೊಳ್ಳುವಂಥ ಉಪಯೋಗ ಇಲ್ಲ ಅಂತ ಗೊತ್ತಾಯಿತು. ಆ ಎರಡು ವಾಕ್ಯಗಳನ್ನು ಬರೆಯುವುದೇ ನಮ್ಮ ಕೆಲಸ, ಪುಟ್ಟಿ. ಮಿಕ್ಕಿದ್ದನ್ನು ಯಾರು ಬೇಕಾದರೂ ಬರೆಯುತ್ತಾರೆ.

ಅಂಕಿಗಳ ವಿಷಯದಲ್ಲೂ ಹೀಗೇ. ‘ಎರಡು ಪಟ್ಟು’ ಅಂತ ಕಂಡ ಕೂಡಲೇ ‘ಯಾವುದರ ಎರಡು ಪಟ್ಟು’ ಅಂತ ಕೇಳು. 1995ರಲ್ಲಿ ಬ್ರಿಟನ್ನಿನಲ್ಲಿ, ಹೊಸ ಬಗೆಯ ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟು ಆಗುತ್ತದೆ ಅಂತ ಎಚ್ಚರಿಕೆ ಹೊರಟಿತು. ಅದು ನಿಜ: ಹಳೆಯ ಬಗೆಯ ಮಾತ್ರೆಯಿಂದ 7000 ಹೆಂಗಸರಲ್ಲಿ ಒಬ್ಬರಿಗೆ ಆಗುತ್ತಿದ್ದದ್ದು ಹೊಸದರಿಂದ ಇಬ್ಬರಿಗೆ ಆಗುತ್ತಿತ್ತು. ಜನರ ಕಿವಿಗೆ ಬಿದ್ದದ್ದು ‘ಎರಡು ಪಟ್ಟು’ ಮಾತ್ರ. ಹೆದರಿ ಎಷ್ಟೋ ಜನ ಮಾತ್ರೆ ನಿಲ್ಲಿಸಿದರು. ಮುಂದಿನ ವರ್ಷ ಸುಮಾರು 13,000 ಗರ್ಭಪಾತಗಳು ಹೆಚ್ಚಿಗೆ ಆದವು ಅಂತ ಅಂದಾಜು. ಗರ್ಭಿಣಿಯಾದರೆ ರಕ್ತ ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಗಿಂತಲೂ ಜಾಸ್ತಿ ಅನ್ನುವುದನ್ನು ಅವರಿಗೆ ಯಾರೂ ಸರಿಯಾಗಿ ಹೇಳಲಿಲ್ಲ. ಒಂದು ಅಂಕಿಯನ್ನು ಅರ್ಧ ಹೇಳಿದ್ದರ ಫಲ ಇದು. 7000ಕ್ಕೆ ಒಬ್ಬರು, 7000ಕ್ಕೆ ಇಬ್ಬರು ಅಂತ ಬರೆಯುವುದಕ್ಕೆ ಎಷ್ಟು ಜಾಗ ಬೇಕು ಹೇಳು?

ಪ್ರಿಪ್ರಿಂಟ್ ಬಗ್ಗೆ ಹೋದ ಸಲ ನೀನು ಫೋನಿನಲ್ಲಿ ಕೇಳಿದ್ದೆ. ಬೇರೆ ವಿಜ್ಞಾನಿಗಳು ಪರಿಶೀಲಿಸುವ ಮೊದಲೇ ಹೊರಗೆ ಬರುವ ಪ್ರಬಂಧ ಅದು. ಬಯೋಆರ್ಕೈವ್ ಅನ್ನುವ ತಾಣ 2013ರಲ್ಲಿ ಶುರುವಾದ ಮೇಲೆ ಜೀವಶಾಸ್ತ್ರದಲ್ಲಿ ಇದು ದಿನನಿತ್ಯದ ಮಾತಾಗಿದೆ. ಅದರಿಂದ ದೂರ ಇರು ಅಂತ ನಾನು ಹೇಳುವುದಿಲ್ಲ. 2020ರ ಜನವರಿ ಎರಡನೇ ವಾರದಲ್ಲಿ ಹೊಸ ಕೊರೊನಾ ವೈರಸ್ಸಿನ ಜೀನೋಮನ್ನು, ಅಂದರೆ ಅದರ ಪೂರ್ತಿ ಆನುವಂಶಿಕ ಬರಹವನ್ನು, ಎಲ್ಲರಿಗೂ ಸಿಗುವ ಹಾಗೆ ಹಾಕದೇ ಇದ್ದಿದ್ದರೆ, ಮಾರ್ಚ್ 16ಕ್ಕೇ ಲಸಿಕೆಯ ಮೊದಲ ಡೋಸ್ ಮನುಷ್ಯರ ತೋಳಿಗೆ ಬೀಳುತ್ತಿರಲಿಲ್ಲ. ಅದೇ ಜನವರಿ 31ರಂದು ಒಂದು ಪ್ರಿಪ್ರಿಂಟ್ ಬಂತು. ವೈರಸ್ಸಿನಲ್ಲಿ ಎಚ್‌ಐವಿಯನ್ನು ಹೋಲುವ ತುಣುಕುಗಳಿವೆ ಅಂತ. ಆ ತುಣುಕುಗಳು ಎಷ್ಟು ಚಿಕ್ಕವು ಅಂದರೆ ಎಷ್ಟೋ ಜೀವಿಗಳಲ್ಲಿ ಹಾಗೇ ಸಿಗುತ್ತವೆ. ಬೇರೆ ವಿಜ್ಞಾನಿಗಳು ಇದನ್ನು ತೋರಿಸಿಕೊಟ್ಟರು, ಕೆಲವೇ ದಿನಗಳಲ್ಲಿ ಬರೆದವರೇ ಅದನ್ನು ವಾಪಸ್ ತೆಗೆದುಕೊಂಡರು. ಅಷ್ಟರಲ್ಲಿ ವದಂತಿ ಮನೆಮನೆ ಸೇರಿತ್ತು. ಹಾಗಾಗಿ ಪ್ರಿಪ್ರಿಂಟ್ ಇಟ್ಟುಕೊಂಡು ಬರೆದರೆ, ‘ಇದನ್ನು ಇನ್ನೂ ಯಾರೂ ಪರಿಶೀಲಿಸಿಲ್ಲ’ ಅಂತ ಮೊದಲೇ ಹೇಳಿಬಿಡು. ಆಮೇಲೆ ಅದೇ ವಿಷಯದಲ್ಲಿ ಕೆಲಸ ಮಾಡುವ, ಆದರೆ ಆ ಪ್ರಬಂಧದಲ್ಲಿ ಹೆಸರಿಲ್ಲದ ಒಬ್ಬರಿಗೆ ಕಳಿಸಿ ಕೇಳು. ಹತ್ತು ಜನಕ್ಕೆ ಬರೆದರೆ ಇಬ್ಬರು ಉತ್ತರ ಕೊಡುತ್ತಾರೆ. ಆ ಇಬ್ಬರೇ ಸಾಕು.

ಪರಿಶೀಲನೆ ಆದದ್ದೆಲ್ಲ ಸರಿ ಅಂತಲೂ ನಂಬಬೇಡ. 2010ರ ಡಿಸೆಂಬರ್‌ನಲ್ಲಿ ನಾಸಾ ಪತ್ರಿಕಾಗೋಷ್ಠಿ ಕರೆದು, ಕ್ಯಾಲಿಫೋರ್ನಿಯಾದ ಮೋನೋ ಸರೋವರದ ಒಂದು ಬ್ಯಾಕ್ಟೀರಿಯಾ, ಎಲ್ಲ ಜೀವಿಗಳಿಗೂ ಬೇಕಾದ ರಂಜಕದ (ಫಾಸ್ಫರಸ್) ಬದಲು ಆರ್ಸೆನಿಕ್ ಬಳಸಿ ಬದುಕುತ್ತದೆ, ತನ್ನ ಡಿಎನ್‌ಎಯಲ್ಲೂ ಅದನ್ನೇ ಸೇರಿಸಿಕೊಳ್ಳುತ್ತದೆ ಅಂತ ಪ್ರಕಟಿಸಿತು. ಪ್ರಬಂಧ ಬಂದದ್ದು ‘ಸೈನ್ಸ್’ ಪತ್ರಿಕೆಯಲ್ಲಿ. ಅದಕ್ಕಿಂತ ದೊಡ್ಡ ಜಾಗ ಯಾವುದಿದೆ? ಪತ್ರಿಕೆಗಳೆಲ್ಲ ಕುಣಿದಾಡಿದವು. ಕೆನಡಾದಲ್ಲಿ ರೋಸಿ ರೆಡ್‌ಫೀಲ್ಡ್ ಅನ್ನುವ ಸೂಕ್ಷ್ಮಜೀವಿ ವಿಜ್ಞಾನಿ ಮಾತ್ರ ಪ್ರಬಂಧ ತೆಗೆದು, ಪ್ರಯೋಗ ಹೇಗೆ ಮಾಡಿದರು ಅನ್ನುವ ಭಾಗವನ್ನು ಸಾಲು ಸಾಲಾಗಿ ಓದಿದರು. ಅವರ ಪ್ರಶ್ನೆಗಳು ತೀರಾ ಸರಳ. ಡಿಎನ್‌ಎಯನ್ನು ಸರಿಯಾಗಿ ಶುದ್ಧ ಮಾಡಿದಿರಾ? ಮಾಡದಿದ್ದರೆ, ಕಂಡ ಆರ್ಸೆನಿಕ್ ಡಿಎನ್‌ಎ ಒಳಗಿನದೋ, ಅದಕ್ಕೆ ಅಂಟಿಕೊಂಡದ್ದೋ? ರಂಜಕ ಇಲ್ಲ ಅಂತ ಹೇಳುವ ದ್ರಾವಣದಲ್ಲಿ ಚೂರುಪಾರು ರಂಜಕ ಉಳಿದಿದೆಯಲ್ಲ, ಬ್ಯಾಕ್ಟೀರಿಯಾ ಬೆಳೆಯುವುದಕ್ಕೆ ಅದೇ ಸಾಲದೇ? ಇದನ್ನೆಲ್ಲ ಅವರು ಎಲ್ಲರೂ ಓದುವ ಹಾಗೆ ಬರೆದು ಅಂತರ್ಜಾಲದಲ್ಲಿ ಹಾಕಿದರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಅದೇ ಬ್ಯಾಕ್ಟೀರಿಯಾ ತರಿಸಿಕೊಂಡು ಬೆಳೆಸಿದರು. ಏನಾಯಿತು ಅಂತ ಆಗಾಗ ಬರೆಯುತ್ತಾ ಹೋದರು, ಕೆಟ್ಟುಹೋದದ್ದನ್ನೂ ಸೇರಿಸಿ. 2012ರಲ್ಲಿ ಉತ್ತರ ಅದೇ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು: ಶುದ್ಧ ಮಾಡಿದ ಡಿಎನ್‌ಎಯಲ್ಲಿ ಆರ್ಸೆನಿಕ್ ಸಿಗಲಿಲ್ಲ. ಮೂಲ ಪ್ರಬಂಧವನ್ನು ಪತ್ರಿಕೆ ಹಿಂತೆಗೆದುಕೊಂಡದ್ದು 2025ರ ಜುಲೈನಲ್ಲಿ. ಬರೆದವರು ಆಗಲೂ ಒಪ್ಪಲಿಲ್ಲ. ಮೋಸ ಮಾಡಿದರು ಅಂತ ಯಾರೂ ಹೇಳಲೂ ಇಲ್ಲ.

ಈ ಕತೆ ನನಗೆ ಎಷ್ಟು ಸಲ ಹೇಳಿದರೂ ಬೇಸರ ಬರುವುದಿಲ್ಲ. ನೀನು ಪ್ರಬಂಧ ಓದುವಾಗ ಸಾರಾಂಶದಿಂದ ಶುರು ಮಾಡಬೇಡ. ಮೊದಲು ಚಿತ್ರಗಳನ್ನು ನೋಡು, ಅವುಗಳ ಕೆಳಗಿನ ಸಣ್ಣ ಅಕ್ಷರ ಓದು. ಆಮೇಲೆ ವಿಧಾನದ ಭಾಗ. ಹಣ ಕೊಟ್ಟವರು ಯಾರು ಅಂತ ಕೊನೆಯಲ್ಲಿ ಇರುತ್ತದೆ, ಅದನ್ನೂ ನೋಡು. ಪತ್ರಿಕಾ ಪ್ರಕಟಣೆಯನ್ನು ಎಲ್ಲಕ್ಕಿಂತ ಕೊನೆಗೆ ತೆರೆ. ಅದನ್ನು ಮೊದಲು ಓದಿದರೆ ಅವರ ಮಾತೇ ನಿನ್ನ ಬಾಯಲ್ಲಿ ಕೂತುಬಿಡುತ್ತದೆ. ನಿನ್ನ ತಲೆಬರಹ ಅಲ್ಲಿಂದಲೇ ಬಂದದ್ದು, ಅಲ್ವಾ?

ಪದಗಳ ಬಗ್ಗೆ ಒಂದು ಸಣ್ಣ ಮಾತು. ಒಂದು ಕಡೆ ‘ಜೀನ್’ ಅಂತೀಯ, ಇನ್ನೊಂದು ಕಡೆ ‘ವಂಶವಾಹಿ’, ಮತ್ತೊಂದು ಕಡೆ ‘ಡಿಎನ್‌ಎ’ ಅಂತೀಯ. ಓದುವವರು ಮೂರೂ ಬೇರೆ ಬೇರೆ ಅಂದುಕೊಳ್ಳುತ್ತಾರೆ, ಇಲ್ಲವೇ ಮೂರೂ ಒಂದೇ ಅಂದುಕೊಳ್ಳುತ್ತಾರೆ. ಎರಡೂ ತಪ್ಪೇ. ಜೀನ್, ವಂಶವಾಹಿ ಒಂದೇ; ಅದು ಡಿಎನ್‌ಎಯ ಒಂದು ತುಣುಕು. ಜನರ ಬಾಯಲ್ಲಿ ಓಡಾಡುವ ಪದ ಒಂದನ್ನು ಹಿಡಿ, ಮೊದಲ ಸಲ ಬಂದಾಗ ಅರ್ಥ ಹೇಳು, ಕೊನೆಯವರೆಗೂ ಅದನ್ನೇ ಬಳಸು. ಸುಮ್ನೆ ಚೆಂದಕ್ಕೆ ಅಂತ ಪದ ಬದಲಿಸಬೇಡ.

ಚಿತ್ರ ಬಳಸುವಾಗ ಅನುಮತಿ ನೋಡಿಕೋ. ಕೆಲವು ಷರತ್ತಿನ ಮೇಲೆ ಎಲ್ಲರಿಗೂ ಬಳಸಲು ಬಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇದ್ದರೆ ಅದರ ಷರತ್ತು ಓದಿ, ಮಾಡಿದವರ ಹೆಸರು ಹಾಕು.

ತಪ್ಪಾದಾಗ ಏನು ಮಾಡಬೇಕು ಅಂತಲೂ ಹೇಳುತ್ತೇನೆ. ಆಗೇ ಆಗುತ್ತದೆ, ಎಲ್ಲರಿಗೂ ಆಗುತ್ತದೆ. ಸದ್ದಿಲ್ಲದೆ ಸಾಲು ಅಳಿಸಿ ಹೊಸದು ಹಾಕಬೇಡ. ಲೇಖನದ ಮೇಲೇ, ತಾರೀಖು ಹಾಕಿ, ಮೊದಲು ಹೀಗೆ ಬರೆದಿದ್ದೆ, ಅದು ತಪ್ಪು, ಸರಿ ಇದು ಅಂತ ಬರೆ. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿದೆ ಅಂತ ಅನುಮಾನ ಹುಟ್ಟಿಸಿದ ಪ್ರಬಂಧ 1998ರಲ್ಲಿ ‘ಲ್ಯಾನ್ಸೆಟ್’ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅದರಲ್ಲಿ ಇದ್ದದ್ದು 12 ಮಕ್ಕಳು. ಪತ್ರಿಕೆ ಅದನ್ನು ಪೂರ್ತಿ ಹಿಂತೆಗೆದುಕೊಂಡದ್ದು 2010ರಲ್ಲಿ. ನಡುವಿನ 12 ವರ್ಷ ಅದನ್ನು ನಂಬಿ ಬರೆದ ಲೇಖನಗಳಲ್ಲಿ ಎಷ್ಟನ್ನು ಬರೆದವರೇ ತಿದ್ದಿದ್ದಾರೋ ಅಂತ ಯೋಚಿಸಿದರೆ ನನಗೆ ಸಂಕಟ ಆಗುತ್ತದೆ. ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಯಾವ ಯಾವ ಪ್ರಬಂಧದ ಬಗ್ಗೆ ಬರೆದಿದ್ದೇನೋ ಅವೆಲ್ಲದರ ಹೆಸರು ಅದರಲ್ಲಿದೆ. ಆರು ತಿಂಗಳಿಗೊಮ್ಮೆ ಕೂತು, ಯಾವುದಾದರೂ ಹಿಂತೆಗೆದುಕೊಂಡದ್ದು ಇದೆಯಾ ಅಂತ ಒಂದೊಂದಾಗಿ ಹುಡುಕುತ್ತೇನೆ. ಎರಡು ಸಿಕ್ಕಿವೆ. ಎರಡನ್ನೂ ತಿದ್ದಿದ್ದೇನೆ. ನೀನೂ ಈಗಲೇ ಒಂದು ಶುರು ಮಾಡು, ನಿನ್ನದು ಇನ್ನೂ ನಾಲ್ಕೇ ಲೇಖನ, ಸುಲಭ.

ಈಗ ತೋಳಕ್ಕೆ ಬರೋಣ. ಮರಿಗಳ ಕೂಗು ಹಾಗೇ ಇರಲಿ, ಅದನ್ನು ಮುಟ್ಟಬೇಡ. ಅದರ ಮುಂದಿನ ಸಾಲಿನಲ್ಲೇ ‘ಇವು ಬೂದು ತೋಳಗಳು, 240 ಕೋಟಿ ಅಕ್ಷರಗಳಲ್ಲಿ 20 ಕಡೆ ತಿದ್ದಲಾಗಿದೆ’ ಅಂತ ತಂದು ಇಡು. ಮರಿಗಳನ್ನು ತೋರಿಸಿದ ದಿನ ಪರಿಶೀಲನೆ ಆದ ಪ್ರಬಂಧ ಇರಲಿಲ್ಲ ಅನ್ನುವುದನ್ನೂ ಸೇರಿಸು. ಆ ಕಂಪನಿಯ ಮುಖ್ಯ ವಿಜ್ಞಾನಿಯೇ ಮುಂದಿನ ತಿಂಗಳು, ಇವು 20 ತಿದ್ದುಪಡಿಗಳ ಬೂದು ತೋಳಗಳೇ ಅಂತ ಒಪ್ಪಿಕೊಂಡಿದ್ದಾರೆ, ಅದು ನಿನ್ನ ಲೇಖನದಲ್ಲಿ ಎಲ್ಲೂ ಇಲ್ಲ. ಮರಿಗಳ ಬಿಳಿ ಬಣ್ಣವನ್ನು ನೀನು ತುಂಬಾ ಚೆನ್ನಾಗಿ ವರ್ಣಿಸಿದ್ದೀಯ. ಆದರೆ ಉಳಿದ ಐದು ತಿದ್ದುಪಡಿ ಮಾಡಿದ್ದು ಆ ತಿಳಿ ಬಣ್ಣಕ್ಕೇ, ಹಳೆಯ ತೋಳದಿಂದ ನಕಲು ಮಾಡಿದ್ದಲ್ಲ. ಆ ಪ್ಯಾರಾ ಮತ್ತೆ ಬರೆಯಬೇಕಾಗುತ್ತದೆ.

ತಲೆಬರಹ ನೀನೇ ಯೋಚಿಸು. ಭಾನುವಾರದ ಒಳಗೆ ಇನ್ನೊಂದು ಪ್ರತಿ ಕಳಿಸು, ಕನ್ನಡಕ ಹಾಕಿಕೊಂಡು ಕಾಯುತ್ತಿರುತ್ತೇನೆ.

ಪ್ರೀತಿಯಿಂದ,
ನಿನ್ನ ಅತ್ತೆ