ಶ್ರುತಿ ಕೆಡದ ಹ್ಯಾಂಡ್‌ಪ್ಯಾನ್ ಎಲ್ಲೂ ಇಲ್ಲ

ಮಾನ್ಯ ಸಂಪಾದಕರೇ,

ಹ್ಯಾಂಡ್‌ಪ್ಯಾನ್ ಎಂಬ, ಕೈಯಿಂದ ತಟ್ಟಿ ನುಡಿಸುವ ಉಕ್ಕಿನ ವಾದ್ಯದ ಕುರಿತು ತಮ್ಮ ಪತ್ರಿಕೆಯಲ್ಲಿ ಬಂದ ಲೇಖನದಲ್ಲಿ ಎರಡು ಮಾತು ತಪ್ಪಾಗಿವೆ. ಒಮ್ಮೆ ಶ್ರುತಿ ಮಾಡಿದರೆ ಜೀವಮಾನವಿಡೀ ಕೆಡದು ಎಂಬುದು ಒಂದು. ಕಾರ್ವೆ (ತಟ್ಟಿದ ಮೇಲೆ ನಾದ ಉಳಿಯುವ ಹೊತ್ತು) ಉದ್ದವಿದ್ದಷ್ಟೂ ವಾದ್ಯ ಒಳ್ಳೆಯದು ಎಂಬುದು ಇನ್ನೊಂದು. ನಂಬಿ ಕೊಂಡವರು ಪೇಚಿಗೆ ಸಿಲುಕುತ್ತಾರೆ.

ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಫೆಲಿಕ್ಸ್ ರೋನರ್ ಮತ್ತು ಸಬೀನಾ ಶೇರರ್ 2000ದಲ್ಲಿ ರೂಪಿಸಿದ ‘ಹಾಂಗ್’ ಈ ವಾದ್ಯದ ಮೂಲ. ಸ್ಟೀಲ್‌ಪ್ಯಾನ್ ಎಂಬ ಕೆರಿಬಿಯನ್ ಉಕ್ಕಿನ ವಾದ್ಯ, ನಮ್ಮ ಘಟಂ, ಎರಡರ ನೆರಳೂ ಅದರ ಮೇಲಿದೆ. ಸುಮಾರು 1 ಮಿ.ಮೀ. ದಪ್ಪದ ಉಕ್ಕಿನ ಎರಡು ಚಿಪ್ಪುಗಳನ್ನು ಅಂಚಿನಲ್ಲಿ ಅಂಟಿಸಿರುತ್ತಾರೆ. ಮೇಲಿನ ಚಿಪ್ಪಿನಲ್ಲಿ ಸುತ್ತಿಗೆಯಿಂದ ತಟ್ಟಿ ಮಾಡಿದ ಅಂಡಾಕಾರದ ಮನೆಗಳೇ ಸ್ವರಸ್ಥಾನಗಳು. ಒಂದೊಂದು ಮನೆಯಲ್ಲೂ ಮೂರು ಸ್ವರ ಕೂರಿಸಿರುತ್ತಾರೆ: ಆಧಾರ ಸ್ವರ 220 ಹರ್ಟ್ಜ್ ಆದರೆ, ಮನೆಯ ಉದ್ದಕ್ಕೆ ಮೇಲಿನ ಷಡ್ಜ (440), ಅಡ್ಡಕ್ಕೆ ಅದರ ಪಂಚಮ (660). ಈ ಮೂರೂ ಹೊಂದಿದರೆ ಮಾತ್ರ ನಾದ ಸ್ವಚ್ಛ. 440 ಇರಬೇಕಾದದ್ದು 442ಕ್ಕೆ ಸರಿದರೆ ಸುಮಾರು 8 ಸೆಂಟ್ (ಅರ್ಧಸ್ವರದ ನೂರರಲ್ಲೊಂದು ಪಾಲು ಒಂದು ಸೆಂಟ್) ವ್ಯತ್ಯಾಸ; ಆಗ ನಾದ ಸೆಕೆಂಡಿಗೆ ಎರಡು ಸಲ ತೂಗಾಡುವುದು ಕಿವಿಗೇ ಗೊತ್ತಾಗುತ್ತದೆ.

ಟ್ಯೂನರ್ ಆ್ಯಪ್ ಒಂದನ್ನೇ ನೋಡಿ ‘ಶ್ರುತಿ ಸರಿಯಿದೆ’ ಎನ್ನುವವರು ಎಡವುವುದು ಇಲ್ಲೇ. ಆಧಾರ ಸ್ವರಕ್ಕೆ ಹಸಿರು ದೀಪ ಬಂದರೂ ಮೇಲಿನ ಎರಡು ಜಾರಿರಬಹುದು. ಬೇರೆ ಬೇರೆಯಾಗಿ ಕೇಳಲು ಉಪಾಯವಿದೆ. ಮನೆಯ ನಡುವಿನ ಗುಳಿಯ ಮೇಲೆ ಒಂದು ಬೆರಳನ್ನು ಹಗುರವಾಗಿ ಇಡಿ. ಆಧಾರ ಸ್ವರ ಅಡಗುತ್ತದೆ. ಉದ್ದದ ತುದಿಯಲ್ಲಿ ತಟ್ಟಿದರೆ ಮೇಲಿನ ಷಡ್ಜ, ಅಡ್ಡ ಪಕ್ಕದಲ್ಲಿ ತಟ್ಟಿದರೆ ಪಂಚಮ ಬಿಡಿಯಾಗಿ ಕೇಳಿಸುತ್ತದೆ. ಕೊಳ್ಳುವ ಮುನ್ನ ಪ್ರತಿ ಮನೆಗೂ ಹೀಗೆ ಮಾಡಬೇಕು. ಬೇಸರದ ಕೆಲಸ, ಆದರೆ ಬೇರೆ ದಾರಿಯಿಲ್ಲ.

ಶ್ರುತಿ ಜಾರುವುದೇಕೆ? ತಟ್ಟಿ ತಟ್ಟಿ ರೂಪಿಸಿದ ತಗಡಿನೊಳಗೆ ಬಿಗಿತ ಉಳಿದಿರುತ್ತದೆ. ಗಟ್ಟಿ ಹೊಡೆತ, ಅಂಚಿಗೆ ತಗಲಿದ ಪೆಟ್ಟು, ಎತ್ತುವಾಗ ಮನೆಯ ಮೇಲೆ ಹೆಬ್ಬೆರಳು ಊರುವುದು, ಇವೆಲ್ಲ ಆ ಬಿಗಿತವನ್ನು ಅಲುಗಿಸುತ್ತವೆ. ಚಿಪ್ಪುಗಳನ್ನು ಅಂಟಿಸಿದಾಗಲೂ ಶ್ರುತಿ ಸರಿಯುವುದರಿಂದ ತಯಾರಕರು ಆಮೇಲೆ ಮತ್ತೊಮ್ಮೆ ಶ್ರುತಿ ಕೂರಿಸುತ್ತಾರೆ. ಬಿಸಿಲಿಗೆ ಕಾದ ವಾದ್ಯದ ಶ್ರುತಿ ಇಳಿಯುವುದು ಬೇರೆ ವಿಷಯ. ತಣ್ಣಗಾದರೆ ಸಾಮಾನ್ಯವಾಗಿ ಹಿಂದಿರುಗುತ್ತದೆ. ಆದ್ದರಿಂದ ಕೋಣೆಯ ತಾಪಕ್ಕೆ ಬರುವವರೆಗೆ ಅಳೆಯಬೇಡಿ. ಮುಚ್ಚಿದ ಕಾರಿನಲ್ಲಂತೂ ಬಿಡಲೇಬೇಡಿ. ಅಂಟಿಗೂ ಅದು ಒಳ್ಳೆಯದಲ್ಲ.

ಜಾರಿದ ಸ್ವರವನ್ನು ನಾವೇ ಸುತ್ತಿಗೆ ಹಿಡಿದು ಸರಿಪಡಿಸಹೋಗುವುದು ಶುದ್ಧ ಹುಚ್ಚು. ಒಂದನ್ನು ಎಳೆದರೆ ಉಳಿದೆರಡೂ ಕದಲುತ್ತವೆ, ಪಕ್ಕದ ಸ್ವರದ ಮನೆಯೂ ಕದಲುತ್ತದೆ.

ಇನ್ನು ಕಾರ್ವೆ. ಸ್ಟೇನ್‌ಲೆಸ್ ಉಕ್ಕಿನದು ಹೆಚ್ಚು ಹೊತ್ತು ಮೊಳಗುತ್ತದೆ, ನೈಟ್ರೈಡ್ ಮಾಡಿದ (ಸಾರಜನಕದಿಂದ ಮೇಲ್ಮೈ ಗಟ್ಟಿಗೊಳಿಸಿದ) ಉಕ್ಕಿನದು ಬೇಗ ಅಡಗುತ್ತದೆ. ವಿಳಂಬ ವಾದನಕ್ಕೆ ಮೊದಲನೆಯದು ಸೊಗಸು. ದ್ರುತದಲ್ಲಿ ಅದೇ ಕಾರ್ವೆ ಸ್ವರಗಳನ್ನು ಒಂದರ ಮೇಲೊಂದು ಸುರಿದು ಕಲಸುಮೇಲೋಗರ ಮಾಡುತ್ತದೆ. ನೈಟ್ರೈಡ್ ತಗಡಿಗೆ ತುಕ್ಕಿನ ಭಯ ಹೆಚ್ಚು, ನುಡಿಸಿದ ಮೇಲೆ ಬೆವರು ಒರೆಸಲೇಬೇಕು. ಒಂದೇ ಮನೆ ಮಾತ್ರ ‘ಠಕ್’ ಎಂದು ಸತ್ತಂತೆ ಕೇಳಿದರೆ ಅದು ಲೋಹದ ಗುಣವಲ್ಲ. ಅದರ ಕಂಪನವನ್ನು ಚಿಪ್ಪಿನ ಬೇರೆ ಭಾಗ ಹೀರಿಕೊಳ್ಳುತ್ತಿರಬಹುದು. ಜಿರ್ರೆನ್ನುವ ಸದ್ದು ಬಂದರೆ ಮೊದಲು ಅಂಚಿನ ಅಂಟು ಬಿಟ್ಟಿದೆಯೇ ನೋಡಿ.

ಕೊನೆಯದಾಗಿ, ಲೇಖನದ ಜೊತೆಗಿನ ಚಿತ್ರದಲ್ಲಿ ವಾದಕರ ಬೆರಳಲ್ಲಿ ಎರಡು ದಪ್ಪ ಉಂಗುರಗಳಿದ್ದವು. ಅವುಗಳ ಪೆಟ್ಟೂ ತಗಡಿಗೇ ತಗಲುತ್ತದೆ. ಮುಂದಿನ ಸಲ ದಯವಿಟ್ಟು ಉಂಗುರ ಬಿಚ್ಚಿಸಿ.

– ಓರ್ವ ಓದುಗ