ಮೊದಲ ದಿನ ಎದೆಮಟ್ಟದ ನೀರೇ ಸಾಕು

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯೊಳಗೆ ಮಡಚಿಟ್ಟ ಕರಪತ್ರವೊಂದು ನಮ್ಮ ಮನೆಗೆ ಬಂತು. ಬೇಸಿಗೆ ರಜೆಯ ಸ್ಕೂಬಾ ಶಿಬಿರದ್ದು, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಉಸಿರಾಡುವುದನ್ನು ಕಲಿಸುವ ಶಿಬಿರ. ಈಜು ಬರದಿದ್ದರೂ ಪರವಾಗಿಲ್ಲ, ಮೊದಲ ದಿನವೇ 15 ಅಡಿ ಆಳ, ನೀರಿನೊಳಗಿನ ಫೋಟೊ ಉಚಿತ ಅಂತ ಬರೆದಿತ್ತು. ನಮ್ಮ ಬಯಲುಸೀಮೆಯ ಮಕ್ಕಳು ಸಿಲಿಂಡರ್ ಹೊತ್ತು ನೀರಿಗಿಳಿಯುತ್ತಾರೆ ಅನ್ನುವುದು ನನಗೆ ನಿಜಕ್ಕೂ ಖುಷಿಯ ವಿಷಯ. ಆದರೆ ಆ 15 ಅಡಿ ಅನ್ನುವ ಮಾತು ಓದಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ.

ನಾನು ಹದಿನೆಂಟು ವರ್ಷದಿಂದ ಮಕ್ಕಳಿಗೆ, ಹೆಂಗಸರಿಗೆ ಈಜು ಕಲಿಸುತ್ತಿದ್ದೇನೆ. ಅಂಡಮಾನಿಗೆ ಹೋಗಿ ಸ್ಕೂಬಾ ಕಲಿತು ಬಂದ ಮೇಲೆ, ಹೊಸಬರನ್ನು ಈಜುಕೊಳದಲ್ಲಿ ಮೊದಲ ಸಲ ನೀರಿನಡಿ ಇಳಿಸುವಾಗ ತರಬೇತುದಾರರಿಗೆ ಜೊತೆಯಾಗಿ ಇರುತ್ತೇನೆ. ಹಾಗಾಗಿ ಈ ಮಾತನ್ನು ದೂರದಿಂದ ಹೇಳುತ್ತಿಲ್ಲ.

ಹೋದ ವರ್ಷ ನಮ್ಮಣ್ಣನ ಮಗಳು, ಹದಿಮೂರು ವರ್ಷದವಳು, ಸ್ಕೂಲಿನ ಗೆಳತಿಯರ ಜೊತೆ ಇಂಥದ್ದೇ ಒಂದು ಕಡೆ ಹೋಗಿದ್ದಳು. ಯಾವ ಊರು, ಯಾವ ಕೊಳ ಅನ್ನುವುದು ಇಲ್ಲಿ ಬೇಡ. ಕೊಳ 13 ಅಡಿ ಆಳ. ದಡದಲ್ಲಿ ಹತ್ತು ನಿಮಿಷ ಹೇಳಿಕೊಟ್ಟರಂತೆ. ಆಮೇಲೆ ನಾಲ್ಕು ಮಕ್ಕಳನ್ನು ಸಾಲಾಗಿ ಹಗ್ಗ ಹಿಡಿಸಿ ನೇರ ಇಳಿಸಿದರಂತೆ. ಐದಾರು ಅಡಿ ಹೋಗುವಷ್ಟರಲ್ಲೇ ಇವಳ ಎಡಗಿವಿಗೆ ಸೂಜಿ ಚುಚ್ಚಿದ ಹಾಗಾಯಿತು. 'ಚೆನ್ನಾಗಿಲ್ಲ' ಅಂತ ಹೇಳಲು ಹೆಬ್ಬೆರಳು ಕೆಳಗೆ ಮಾಡಿ ತೋರಿಸಿದಳು. ನೆಲದ ಮೇಲೆ ನಾವೆಲ್ಲ ಹಾಗೇ ತಾನೇ ಮಾಡುವುದು. ನೀರಿನಡಿಯ ಭಾಷೆಯಲ್ಲಿ ಹೆಬ್ಬೆರಳು ಕೆಳಗೆ ಅಂದರೆ 'ಕೆಳಗೆ ಹೋಗೋಣ' ಅಂತ. ಮೇಲೆ ಅಂದರೆ 'ಮೇಲೆ ಹೋಗೋಣ'. ಪಾಪ, ಆ ತರಬೇತುದಾರ ಮಗು ಧೈರ್ಯ ತೋರಿಸುತ್ತಿದೆ ಅಂದುಕೊಂಡು ಇನ್ನೂ ಕೆಳಗೆ ಕರೆದುಕೊಂಡು ಹೋದ.

ಮೇಲೆ ಬಂದಾಗ ಮಾಸ್ಕ್ ಒಳಗೆ ಮೂಗಿನ ರಕ್ತ. ಕಿವಿ ತಮಟೆಯ ಹಿಂದೆ ರಕ್ತ ಕಟ್ಟಿದೆ ಅಂದರು ಇಎನ್‌ಟಿ ಡಾಕ್ಟರು. ಮೂರು ವಾರ ಆ ಕಿವಿ ಮಂಕು. ನಾನು ಎಡಗಡೆಯಿಂದ ಕೂಗಿದರೆ ಬಲಗಡೆ ತಿರುಗುತ್ತಿದ್ದಳು. ಅದನ್ನು ನೋಡಿ ನನ್ನ ಕರುಳು ಹಿಂಡಿದ ಹಾಗಾಗುತ್ತಿತ್ತು.

ಕಿವಿಯ ಈ ಪಾಡು ಕೋಲಾರದವರಿಗೆ ಹೊಸದೇನಲ್ಲ. ನಮ್ಮಪ್ಪ ಕೆಜಿಎಫ್ ಗಣಿಯಲ್ಲಿದ್ದರು, 2001ರಲ್ಲಿ ಗಣಿ ಮುಚ್ಚುವವರೆಗೂ. ಗಣಿಯ ಲಿಫ್ಟ್, ಅಂದರೆ ಕೇಜಿನಲ್ಲಿ ಇಳಿಯುವಾಗ ಕಿವಿ ಕಟ್ಟುತ್ತದೆ, ಉಗುಳು ನುಂಗುತ್ತಾ ಇರಬೇಕು ಅನ್ನುತ್ತಿದ್ದರು. ಸ್ಕೂಬಾ ಕಲಿತ ಮೇಲೆ ನಾನೊಂದು ಲೆಕ್ಕ ಹಾಕಿ ನೋಡಿದೆ. ಗಣಿಯಲ್ಲಿ ಒಂದು ಕಿಲೋಮೀಟರ್ ಕೆಳಗೆ ಇಳಿದರೆ ಗಾಳಿಯ ಒತ್ತಡ ಎಷ್ಟು ಏರುತ್ತದೋ, ನೀರಿನಲ್ಲಿ ಒಂದು ಮೀಟರ್ ಚಿಲ್ಲರೆ ಇಳಿದರೆ ಅಷ್ಟೇ ಏರುತ್ತದೆ. ಅಂದರೆ ಮೂರು ಕಿಲೋಮೀಟರಿಗೂ ಆಳವಾದ ಚಾಂಪಿಯನ್ ರೀಫ್ ಗಣಿಯ ತಳಕ್ಕೆ ಹೋದವರ ಕಿವಿಗಿಂತ 15 ಅಡಿ ಕೊಳದ ತಳಕ್ಕೆ ಹೋದ ಮಗುವಿನ ಕಿವಿಗೆ ಭಾರ ಜಾಸ್ತಿ. ಅದೂ ಒಂದೆರಡು ನಿಮಿಷದೊಳಗೆ!

ಮೂಗು ಹಿಡಿದು ಮೆಲ್ಲಗೆ ಊದಿದರೆ, ಇಲ್ಲವೇ ನುಂಗಿದರೆ ಕಿವಿ ಬಿಡುತ್ತದೆ. ಆದರೆ ನೋವು ಶುರುವಾಗುವ ಮೊದಲೇ ಮಾಡಬೇಕು. ತಲೆ ಮುಳುಗಿದ ಕೂಡಲೇ ಒಂದು ಸಲ, ಆಮೇಲೆ ಒಂದೊಂದು ಅಡಿಗೂ ಒಂದೊಂದು ಸಲ. ತಡವಾದರೆ ಒಳಗಿನ ನಾಳ ಅಂಟಿಕೊಂಡು ಬಿಡುತ್ತದೆ, ಎಷ್ಟು ಊದಿದರೂ ಬಿಡಲ್ಲ. ಆಗ ಎರಡಡಿ ಮೇಲೆ ಬರಬೇಕು. ಜೋರಾಗಿ ಊದಬಾರದು. ಇದು ಕೈಗೆ ಹತ್ತಲು ಹೊಸಬರಿಗೆ ಸಮಯ ಬೇಕು, ಅಲ್ವಾ? ಮೊದಲ ಆರಡಿಯೊಳಗೆ ಇದು ಬಾರದವರನ್ನು ಹದಿನೈದಕ್ಕೆ ಹೇಗೆ ಇಳಿಸುತ್ತೀರಿ?

ಇನ್ನು ಉಸಿರಿನ ವಿಷಯ. ನಾನು ಈಜು ಕಲಿತದ್ದು ಬಂಗಾರಪೇಟೆ ಹತ್ತಿರದ ನಮ್ಮ ತೋಟದ ಬಾವಿಯಲ್ಲಿ. ಸೊಂಟಕ್ಕೆ ಬೆಂಡು ಕಟ್ಟಿ ಚಿಕ್ಕಪ್ಪ ತಳ್ಳಿದ್ದರು. ಬಿಂದಿಗೆ ಬಿದ್ದು ಪಾತಾಳಗರಡಿಗೆ ಸಿಗದಿದ್ದರೆ ನಾವೇ ಮುಳುಗಿ ತರುತ್ತಿದ್ದೆವು. ಎದೆ ತುಂಬ ಉಸಿರು ಎಳೆದು, ಬಿಗಿ ಹಿಡಿದು ಒಂದೇ ಮುಳುಗು. ಆ ಬಾವಿ ಒಣಗಿ ಎಷ್ಟೋ ಕಾಲವಾಯಿತು. ಅಭ್ಯಾಸ ಮಾತ್ರ ಮೈಯಲ್ಲೇ ಇದೆ. ಸ್ಕೂಬಾದಲ್ಲಿ ಅಪಾಯ ತರುವುದು ಇದೇ ಅಭ್ಯಾಸ. ಬಾವಿಗೆ ಮುಳುಗುವಾಗ ಮೇಲಿನಿಂದ ಒಯ್ದ ಉಸಿರು ಕೆಳಗೆ ಕುಗ್ಗುತ್ತದೆ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ. ಸಿಲಿಂಡರಿನದು ಹಾಗಲ್ಲ. ಕೆಳಗಿನ ಒತ್ತಡದಲ್ಲೇ ಎದೆ ತುಂಬಿಸುತ್ತದೆ. 15 ಅಡಿಯಲ್ಲಿ ಐದು ಲೀಟರ್ ಗಾಳಿ ಎಳೆದುಕೊಂಡವರು ಗಾಬರಿಯಿಂದ ಉಸಿರು ಬಿಗಿಹಿಡಿದು ಮೇಲಕ್ಕೆ ಚಿಮ್ಮಿದರೆ ಅದು ಏಳು ಲೀಟರಿಗೂ ಜಾಸ್ತಿ ಆಗಲು ನೋಡುತ್ತದೆ. ಎದೆಗೂಡಿನಲ್ಲಿ ಅಷ್ಟು ಜಾಗ ಎಲ್ಲಿದೆ? ಶ್ವಾಸಕೋಶ ಹರಿಯಬಹುದು, ಗಾಳಿಗುಳ್ಳೆ ರಕ್ತಕ್ಕೆ ಸೇರಿ ಮಿದುಳಿಗೆ ಹೋಗಬಹುದು.

ನಾಲ್ಕಡಿ ನೀರಿನಲ್ಲಿ ಈ ಭಯವೇ ಇಲ್ಲ ಅಂತ ನಾನು ಹೇಳಲ್ಲ. ಅಷ್ಟು ಕಡಿಮೆ ಆಳದಿಂದ ಉಸಿರು ಹಿಡಿದು ಎದ್ದವರಿಗೂ ಪೆಟ್ಟಾದ ಉದಾಹರಣೆಗಳಿವೆ. ಹಾಗಾಗಿ ಉಸಿರು ಹಿಡಿಯಬೇಡಿ ಅನ್ನುವ ಪಾಠ ಮಂಡಿಮಟ್ಟದ ನೀರಿನಲ್ಲೇ ಶುರುವಾಗಬೇಕು. ಆಳ ಕಡಿಮೆಯಿದ್ದರೆ ಚಿಮ್ಮುವ ದೂರ ಕಡಿಮೆ, ಚಿಮ್ಮಬೇಕು ಅನ್ನಿಸುವ ಗಾಬರಿಯೂ ಕಡಿಮೆ. ಎದ್ದು ನಿಂತರೆ ತಲೆ ನೀರಿನ ಮೇಲೆ ಇರುತ್ತದೆ ಅನ್ನುವುದು ಕಾಲಿಗೆ ಗೊತ್ತಿರುತ್ತದೆ.

ಡಿಸೆಂಬರಿನಲ್ಲಿ ಐವತ್ತು ದಾಟಿದ ಒಬ್ಬ ಅಕ್ಕ ಬಂದಿದ್ದರು. ಅಂಗನವಾಡಿಯಲ್ಲಿ ಕೆಲಸ. ಮಗ ಒತ್ತಾಯ ಮಾಡಿ ಕರೆತಂದಿದ್ದ. ನಾಲ್ಕಡಿ ನೀರಿನಲ್ಲಿ ಮಂಡಿಯೂರಿದರು. ನನ್ನ ಎರಡೂ ಮುಂಗೈ ಹಿಡಿದಿದ್ದರು, ಬಳೆ ಒತ್ತಿ ನನ್ನ ಕೈಯಲ್ಲಿ ಅಚ್ಚು ಬೀಳುವಷ್ಟು. ಒಂದು ಉಸಿರು ಎಳೆದರು, ಎದ್ದು ನಿಂತರು. ಉಸಿರಾಡಲು ಬಾಯಲ್ಲಿ ಕಚ್ಚಿಕೊಂಡಿದ್ದ ರೆಗ್ಯುಲೇಟರ್ ತೆಗೆದು, 'ಆಗಲ್ಲ ಕಣಮ್ಮ' ಅಂದರು. ಮತ್ತೆ ಕೂತರು, ಮತ್ತೆ ಎದ್ದರು. ಹೀಗೆ ಐದು ಸಲ. ಆರನೇ ಸಲ ಏಳಲಿಲ್ಲ. ಗುಳ್ಳೆಗಳ ಸದ್ದು ನಿಧಾನವಾಯಿತು, ಕೈಯ ಹಿಡಿತ ಸಡಿಲವಾಯಿತು. ಆಮೇಲೆ ಒಂದು ಕೈ ಬಿಟ್ಟು ನೆಲದ ಟೈಲ್ಸ್ ಸವರಿ ನೋಡಿದರು. ಕಾಲು ಗಂಟೆ ಕೆಳಗೇ ಇದ್ದರು. ಇವರನ್ನು 15 ಅಡಿಗೆ ಇಳಿಸಿದ್ದರೆ ಆ ಐದು ಸಲ ಎಲ್ಲಿ ಎದ್ದು ನಿಲ್ಲುತ್ತಿದ್ದರು?

ಎಷ್ಟು ಆಳ ಸರಿ ಅಂತ ಕೇಳಿದರೆ ನನ್ನ ಉತ್ತರ ಇದು. ಮೊದಲ ಅರ್ಧ ಗಂಟೆ ಎದೆಮಟ್ಟದ ನೀರು, ಅಷ್ಟೇ. ಉಸಿರು ನಿಧಾನವಾಗಿ, ಮಾಸ್ಕಿಗೆ ನುಗ್ಗಿದ ನೀರು ತೆಗೆಯಲು ಬಂದು, ಕಿವಿ ಬಿಡಿಸಲು ಬಂದರೆ ಮೆಲ್ಲಗೆ ಆರು ಅಡಿವರೆಗೆ. ಮಕ್ಕಳಿಗೆ ಅದೇ ಕೊನೆ. ಪಾಡಿ ಅನ್ನುವ ಅಂತರರಾಷ್ಟ್ರೀಯ ಸ್ಕೂಬಾ ತರಬೇತಿ ಸಂಸ್ಥೆ 8 ವರ್ಷ ತುಂಬಿದ ಮಕ್ಕಳಿಗೆ ಕೊಳದಲ್ಲಿ ನಡೆಸುವ ಬಬಲ್‌ಮೇಕರ್ ಪಾಠದಲ್ಲೂ 2 ಮೀಟರ್ ದಾಟುವ ಹಾಗಿಲ್ಲ. ದೊಡ್ಡವರು ಎಂಟಡಿಗೆ ಹೋಗಲಿ, ಅದೂ ಒಬ್ಬರಿಗೆ ಒಬ್ಬ ತರಬೇತುದಾರ ಕೈಗೆಟುಕುವಷ್ಟು ಹತ್ತಿರ ಇದ್ದರೆ.

ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಹೊಸಬರನ್ನು ಅದಕ್ಕಿಂತ ಆಳಕ್ಕೆ ಕರೆದುಕೊಂಡು ಹೋಗುತ್ತಾರಲ್ಲ, ಕೊಳದಲ್ಲಿ ಯಾಕೆ ಬೇಡ ಅಂತ ಒಬ್ಬರು ನನ್ನನ್ನು ಕೇಳಿದ್ದರು. ಪಾಡಿಯ ನಿಯಮದಲ್ಲಿ ಹೊಸಬರ ಸಮುದ್ರ ಡೈವಿಗೆ 12 ಮೀಟರ್ ಅಂತ ಇರುವುದು ನಿಜ. ಅದು ದಾಟಬಾರದ ಗೆರೆ. ಮುಟ್ಟಲೇಬೇಕಾದ ಗುರಿಯಲ್ಲ. ಮತ್ತೆ ಸಮುದ್ರದಲ್ಲಿ ಆಳಕ್ಕೆ ಹೋದರೆ ಮೀನು, ಹವಳ ಕಾಣುತ್ತದೆ. ಕೊಳದ ತಳದಲ್ಲಿ ಕಾಣುವುದು ಅದೇ ನೀಲಿ ಟೈಲ್ಸ್. ಇನ್ನೊಂದು ಮಾತು: ಇಳಿಯುವಾಗ, ಏರುವಾಗ ಕಿವಿ, ಎದೆಯೊಳಗಿನ ಗಾಳಿ ಅತಿ ಬೇಗ ಕುಗ್ಗುವುದು, ಹಿಗ್ಗುವುದು ಮೇಲಿನ ಕೆಲವು ಅಡಿಗಳಲ್ಲೇ. ಕೊಳ ಅಂದರೆ ಪೂರ್ತಿ ಅದೇ ಜಾಗ.

ತಂದೆ ತಾಯಂದಿರಲ್ಲಿ ಒಂದು ಕೋರಿಕೆ. ಮಗುವಿಗೆ ನೆಗಡಿ ಇದ್ದರೆ ಆ ದಿನ ಕಳಿಸಬೇಡಿ, ದುಡ್ಡು ಹೋದರೆ ಹೋಗಲಿ. ಉಬ್ಬಸ, ಮೂರ್ಛೆ, ಕಿವಿಯ ಆಪರೇಷನ್, ಹೃದಯದ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ಇಳಿಸಲೇಬೇಡಿ. ಇದನ್ನೆಲ್ಲ ಫಾರಂ ಕೊಟ್ಟು ವಿಚಾರಿಸದವರ ಬಳಿ ಹೋಗಬೇಡಿ. ಈಜಿನ ಕನ್ನಡಕ ಹಾಕಿಸಿ ಆಳಕ್ಕೆ ಇಳಿಸುತ್ತೇವೆ ಅಂದರೂ ಒಪ್ಪಬೇಡಿ. ಮೂಗು ಹೊರಗಿದ್ದರೆ ಕನ್ನಡಕದ ಒಳಗಿನ ಒತ್ತಡ ಸರಿಮಾಡಲು ಆಗಲ್ಲ, ಕಣ್ಣಿನ ಸುತ್ತ ರಕ್ತ ಕಟ್ಟುತ್ತದೆ. ಕೈಸನ್ನೆಗಳನ್ನು ಮನೆಯಲ್ಲೇ ನಾಲ್ಕು ಸಲ ಮಾಡಿಸಿ. ಚೆನ್ನಾಗಿದೆ ಅನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ. ತೊಂದರೆ ಅನ್ನಲು ಅಂಗೈ ಚಪ್ಪಟೆ ಮಾಡಿ ಅತ್ತಿತ್ತ ಅಲ್ಲಾಡಿಸಿ, ಆಮೇಲೆ ನೋಯುವ ಕಿವಿ ತೋರಿಸುವುದು.

ಆ ಕರಪತ್ರ ಹಂಚಿದವರು ಈ ಪತ್ರ ಓದಿದರೆ, ದಯವಿಟ್ಟು 15 ಅಡಿ ಅನ್ನುವುದನ್ನು ತೆಗೆದು 4 ಅಡಿ ಅಂತ ಅಚ್ಚು ಹಾಕಿಸಿ. ಜನ ಬರಲ್ಲ ಅನ್ನುವ ಭಯ ಬೇಡ. ನಮ್ಮ ಮನೆಯಿಂದಲೇ ಇಬ್ಬರು ಮಕ್ಕಳನ್ನು ಕಳಿಸುತ್ತೇನೆ.

ಇಂತಿ,
ಈಜು ಕಲಿಸುವ ಒಬ್ಬ ಓದುಗಿ
ಬಂಗಾರಪೇಟೆ, ಕೋಲಾರ ಜಿಲ್ಲೆ