ಬಾದಾಮಿಗೆ ಹೊರಟ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟೀ,

ಟಿಕೆಟ್ ಆಯಿತು ಅಂದೆಯಲ್ಲ, ಒಳ್ಳೆಯದಾಯಿತು. ಸಮಾಜ ಪುಸ್ತಕದಲ್ಲಿ ಅಂಚೆಚೀಟಿಯಷ್ಟು ಮಸುಕಾಗಿ ಅಚ್ಚಾಗಿದ್ದ ಹದಿನೆಂಟು ತೋಳಿನ ಶಿವನಿಗೆ ಸ್ಕೆಚ್ ಪೆನ್ನಿನಲ್ಲಿ ಬಣ್ಣ ತುಂಬಿದಾಗಿನಿಂದ ನೀನು ಕಾಯುತ್ತಿರುವ ಊರು ಅದು. ಫೋನಿನಲ್ಲಿ ಎರಡು ಪ್ರಶ್ನೆ ಕೇಳಿದೆ: ಯಾವ ಲೆನ್ಸ್ ಒಯ್ಯಲಿ, ಟ್ರೈಪಾಡ್ ಬೇಕಾ? ಎರಡಕ್ಕೂ ಉತ್ತರ ಬರೆಯುತ್ತೇನೆ. ಆದರೆ ಬಾದಾಮಿಯಲ್ಲಿ ಚಿತ್ರ ಕೆಡುವುದು ಲೆನ್ಸಿನಿಂದಲ್ಲ. ಯಾವ ಕಲ್ಲು ಯಾವ ದಿಕ್ಕಿಗೆ ಮುಖ ಮಾಡಿದೆ ಅಂತ ನೋಡದೆ ಹೋಗುವುದರಿಂದ.

ಊರಿನ ನಕ್ಷೆ ಮೊದಲು ತಲೆಯಲ್ಲಿ ಕೂರಲಿ. ನಡುವೆ ಅಗಸ್ತ್ಯತೀರ್ಥ ಅನ್ನುವ ದೊಡ್ಡ ಹೊಂಡ. ಹೊಂಡದ ಪಶ್ಚಿಮಕ್ಕೆ ಊರು, ಪೂರ್ವದ ತುದಿಯಲ್ಲಿ ಭೂತನಾಥ ಗುಡಿ. ತೆಂಕಣ ಗುಡ್ಡದ ಹೊಟ್ಟೆಯಲ್ಲಿ ನಾಲ್ಕು ಗುಹೆಗಳು. ಬಡಗಣ ಗುಡ್ಡದ ಬುಡದಲ್ಲಿ ಪುರಾತತ್ವ ಇಲಾಖೆಯ ಮ್ಯೂಸಿಯಂ, ಮೇಲೆ ಕೋಟೆ ಮತ್ತು ಶಿವಾಲಯಗಳು. ಗುಹೆಗಳು ತೆಂಕಣ ಗುಡ್ಡದಲ್ಲಿವೆ ಅಂದಮೇಲೆ ಅವು ಬಾಯಿ ತೆರೆದಿರುವುದು ಉತ್ತರಕ್ಕೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿಕೊಂಡೇ ಓಡಾಡುತ್ತಾನೆ. ಆಗ ಬೆಳಗಿನಿಂದ ಸಂಜೆವರೆಗೆ ಕಾದು ಕೂತರೂ ಗುಹೆಯ ಮುಖಕ್ಕೆ ನೇರ ಬಿಸಿಲು ತಾಗುವುದಿಲ್ಲ. "ಬಿಸಿಲು ಬರಲಿ, ಆಮೇಲೆ ತೆಗೆಯೋಣ" ಅಂತ ಎಷ್ಟೋ ಜನ ಮೆಟ್ಟಿಲ ಮೇಲೆ ಕೂತಿರುತ್ತಾರೆ ಪಾಪ. ಮಾರ್ಚ್ 21ರಿಂದ ಸೆಪ್ಟೆಂಬರ್ 23ರವರೆಗೆ ಸೂರ್ಯ ಹುಟ್ಟುವುದೂ ಮುಳುಗುವುದೂ ಉತ್ತರದ ಕಡೆಗೆ ಸರಿದಿರುತ್ತದೆ. ಆ ತಿಂಗಳುಗಳಲ್ಲಿ ಬೆಳಿಗ್ಗೆ, ಸಂಜೆ ಓರೆ ಬಿಸಿಲಿಗೆ ಆಸೆಪಡಬಹುದು. ನೀನು ಹೋಗುವುದು ಡಿಸೆಂಬರಿನಲ್ಲಿ. ನಿನಗೆ ಸಿಗುವುದು ಮುಂದಿನ ಕಲ್ಲು ಅಂಗಳದಿಂದ, ಬಯಲಿನಿಂದ ಪುಟಿದು ಬರುವ ಬೆಳಕು. ಅದು ಕಡಿಮೆ ಬೆಳಕೇನೂ ಅಲ್ಲ. ಮೆತ್ತಗಿರುತ್ತದೆ, ಕೆಂಪು ಮರಳುಗಲ್ಲಿನ ಮೇಲೆ ಕಡುನೆರಳು ಬೀಳಿಸದೆ ಇಡೀ ಗೋಡೆಯನ್ನು ಸಮವಾಗಿ ತೋರಿಸುತ್ತದೆ.

ಟ್ರೈಪಾಡ್ ಒಯ್ಯಬೇಡ. ಸಂರಕ್ಷಿತ ಸ್ಮಾರಕಗಳಲ್ಲಿ ಅದನ್ನು ನಿಲ್ಲಿಸಲು ಇಲಾಖೆಯ ಅನುಮತಿಪತ್ರ ಬೇಕು. ಇಲ್ಲದಿದ್ದರೆ ಗೇಟಿನಲ್ಲೇ ಬಿಟ್ಟುಹೋಗು ಅನ್ನುತ್ತಾರೆ. ಡ್ರೋನಿನ ಮಾತಂತೂ ಬೇಡವೇ ಬೇಡ. ಕೈಯಲ್ಲೇ ಹಿಡಿದು ತೆಗೆಯುವುದಕ್ಕೆ ಲೆಕ್ಕ ಹೀಗಿಟ್ಟುಕೋ: ನಿನ್ನ 18–55 ಲೆನ್ಸ್ ಸಾಕು, ಜೂಮ್ 35ರ ಆಸುಪಾಸಿನಲ್ಲಿ, ಅಪರ್ಚರ್ (ಬೆಳಕು ಒಳಬರುವ ಕಿಂಡಿ) 4.5 ಅಥವಾ 5, ಶಟರ್ 1/60ಕ್ಕಿಂತ ನಿಧಾನ ಬೇಡ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 800ರಿಂದ ಶುರುಮಾಡಿ ಒಳಗೆ ಹೋದಂತೆ 3200ರವರೆಗೆ ಏರಿಸು. ಚಿತ್ರದಲ್ಲಿ ಕಾಳು ಕಾಳು ಕಂಡರೆ ಹೆದರಬೇಡ, ಮರಳುಗಲ್ಲಿನ ಮೈಯೇ ಕಾಳುಕಾಳು, ಅದರೊಳಗೆ ಬೆರೆತುಹೋಗುತ್ತದೆ. ಕೈ ನಡುಗಿ ಕದಡಿದ ಚಿತ್ರವನ್ನು ಮಾತ್ರ ಯಾವ ಸಾಫ್ಟ್‌ವೇರೂ ಪೂರ್ತಿ ಸರಿಮಾಡುವುದಿಲ್ಲ. ನೆಲದ ಮೇಲೆ ಕೂತು ಮೊಣಕೈಗಳನ್ನು ಮೊಣಕಾಲ ಮೇಲೆ ಊರಿ, ಅರ್ಧ ಉಸಿರು ಬಿಟ್ಟು ಒತ್ತು. ಕಂಬಕ್ಕೆ ಒರಗಬೇಡ. ಎಷ್ಟೋ ವರ್ಷ ಜನ ಬೆನ್ನು ಒರಗಿಸಿ ಒರಗಿಸಿ ನುಣುಪಾದ ಕಲ್ಲು ಅಲ್ಲಿ ಕಣ್ಣಿಗೇ ಕಾಣುತ್ತದೆ.

ಫ್ಲ್ಯಾಷ್ ಆಫ್ ಮಾಡಿಟ್ಟುಕೊಂಡೇ ಒಳಗೆ ಹೋಗು. ಮೂರನೇ ಗುಹೆಯ ಛಾವಣಿಯಲ್ಲಿ ಹಳೆಯ ವರ್ಣಚಿತ್ರಗಳ ಮಸುಕಾದ ಉಳಿಕೆ ಇದೆ, ಅದಕ್ಕೆ ಒಳ್ಳೆಯದಲ್ಲ. ನಿನ್ನ ಚಿತ್ರಕ್ಕೂ ಒಳ್ಳೆಯದಲ್ಲ. ಎದುರಿನಿಂದ ಬಡಿದ ಬೆಳಕಿಗೆ ಉಬ್ಬುಶಿಲ್ಪದ ಉಬ್ಬೇ ಹೋಗಿ, ಗೋಡೆಗೆ ಅಂಟಿಸಿದ ಕಾಗದದಂತೆ ಕಾಣುತ್ತದೆ.

ಇನ್ನು ಬಣ್ಣ. ಕ್ಯಾಮೆರಾ ಆಟೋ ವೈಟ್ ಬ್ಯಾಲೆನ್ಸಿನಲ್ಲಿದ್ದರೆ, ಅಂದರೆ ಬಣ್ಣವನ್ನು ತಾನೇ ಹೊಂದಿಸಿಕೊಳ್ಳುತ್ತಿದ್ದರೆ, ಚೌಕಟ್ಟು ತುಂಬ ಕೆಂಪು ಕಂಡ ತಕ್ಷಣ ಅದು ತಪ್ಪೆಂದು ತಿಳಿದು ನೀಲಿ ಸೇರಿಸುತ್ತದೆ. ಬಾದಾಮಿ ಕಲ್ಲು ಸಿಮೆಂಟಿನ ಹಾಗೆ ಬೂದುಬೂದಾಗುತ್ತದೆ. ಡೇಲೈಟ್‌ಗೆ ಕಟ್ಟಿಹಾಕು, ಕ್ಯಾಮೆರಾ ತಿದ್ದದ ರಾ ಫೈಲ್ ಇಟ್ಟುಕೋ. ಫೋನಿನಲ್ಲಾದರೆ ಮೊದಲು ಲೆನ್ಸ್ ಒರೆಸು, ಕಲ್ಲಿನ ಮೇಲೆ ಬೆರಳಿಟ್ಟು ಬೆಳಕಿನ ಗೆರೆಯನ್ನು ಸ್ವಲ್ಪ ಕೆಳಗೆಳೆ. ಅಗಲ ನೋಟದ 0.5 ಒತ್ತಿ ಎಲ್ಲವನ್ನೂ ಒಂದೇ ಚಿತ್ರಕ್ಕೆ ತುರುಕುವ ಚಾಳಿ ಬಿಡು, ಅಂಚಿನ ಕಂಬಗಳು ಬಾಗಿ ಬಿದ್ದುಬಿಡುತ್ತವೆ.

ಗೇಟು ತೆರೆಯುವ ಹೊತ್ತಿಗೆ ಅಲ್ಲಿರು. ಡಿಸೆಂಬರ್ ಅಂದರೆ ಶಾಲಾ ಪ್ರವಾಸದ ತಿಂಗಳು. ಹತ್ತೂವರೆ ಆಗುವಷ್ಟರಲ್ಲಿ ನಾಲ್ಕೈದು ಬಸ್ಸಿನ ಮಕ್ಕಳು ಮೆಟ್ಟಿಲು ತುಂಬಿರುತ್ತಾರೆ. ಅದಕ್ಕೇ ಎಲ್ಲರೂ ಒಂದನೇ ಗುಹೆಯಿಂದ ಹತ್ತುವಾಗ ನೀನು ಸೀದಾ ಮೂರನೆಯದಕ್ಕೆ ಹೋಗು. ಅಲ್ಲಿ ಒಂದು ಗಂಟೆ ಒಬ್ಬಳೇ ಇರಬಹುದು. ಆಮೇಲೆ ನಾಲ್ಕನೆಯ ಜೈನ ಗುಹೆ, ಅಲ್ಲಿಂದ ಇಳಿಯುತ್ತಾ ಎರಡು, ಒಂದು.

ಮೂರನೆಯದು ಚಾಲುಕ್ಯರ ಕೈ ಪಳಗಿದ ಮೇಲೆ ಆದದ್ದು. ಕೀರ್ತಿವರ್ಮನ ಆಳ್ವಿಕೆಯಲ್ಲಿ ಅವನ ತಮ್ಮ ಮಂಗಳೇಶ ಮಾಡಿಸಿದ್ದು. ಶಕವರ್ಷ 500, ಅಂದರೆ ಕ್ರಿ.ಶ. 578 ಎಂದು ಅಲ್ಲೇ ಶಾಸನವಿದೆ. ಇಷ್ಟು ಖಚಿತವಾಗಿ ಕಾಲ ಹೇಳುವ ಗುಹೆ ಸಿಗುವುದು ಅಪರೂಪ. ಮುಖಮಂಟಪದ ತುದಿಯಲ್ಲಿ ಆದಿಶೇಷನ ಸುರುಳಿಯ ಮೇಲೆ ವಿಷ್ಣು ಕುಳಿತಿದ್ದಾನೆ. ಮಲಗಿದ ವಿಷ್ಣುವನ್ನು ನೋಡಿ ರೂಢಿಯಾದ ಕಣ್ಣಿಗೆ ಇದೇ ಮೊದಲ ಅಚ್ಚರಿ. ನರಸಿಂಹ, ವರಾಹ, ಹರಿಹರ, ತ್ರಿವಿಕ್ರಮ ಎಲ್ಲರೂ ಆಳೆತ್ತರಕ್ಕಿಂತ ದೊಡ್ಡವರು. ಮಂಟಪದ ಅಗಲ ಮಾತ್ರ ಕಿರಿದು, ಹಿಂದೆ ಸರಿಯಲು ಜಾಗವಿಲ್ಲ. ಕ್ಯಾಮೆರಾ ಮೇಲಕ್ಕೆತ್ತಿ ಹಿಡಿದರೆ ಶಿಲ್ಪದ ತಲೆ ಚಿಕ್ಕದಾಗಿ ಕಾಲು ದಪ್ಪವಾಗುತ್ತದೆ. ಎದೆಮಟ್ಟಕ್ಕೆ ನೇರವಾಗಿ ಹಿಡಿ, ಪೂರ್ತಿ ಬರದಿದ್ದರೆ ಅಡ್ಡ ಚೌಕಟ್ಟಿನಲ್ಲಿ ಕೆಳಗೊಂದು, ನಡುವೊಂದು, ಮೇಲೊಂದು ತೆಗೆದು ಮನೆಯಲ್ಲಿ ಜೋಡಿಸು. ಪ್ರತಿ ಚಿತ್ರ ಹಿಂದಿನದರ ಮೂರನೇ ಒಂದು ಭಾಗವನ್ನಾದರೂ ಒಳಗೊಂಡಿರಲಿ, ಇಲ್ಲದಿದ್ದರೆ ಜೋಡಣೆ ಕೂಡುವುದಿಲ್ಲ.

ಅಲ್ಲೇ ತಲೆಯೆತ್ತಿ ಕಂಬಗಳ ತಲೆಯಲ್ಲಿರುವ ಬೋದಿಗೆಗಳನ್ನು ನೋಡು. ಮರದ ನೆರಳಿನಲ್ಲಿ ನಿಂತ ಜೋಡಿಗಳು: ಒಬ್ಬಳು ಗಂಡನ ಹೆಗಲಿಗೆ ಒರಗಿದ್ದರೆ ಇನ್ನೊಬ್ಬಳು ಸೊಂಟ ಬಳುಕಿಸಿ ಕೊಂಬೆ ಹಿಡಿದಿದ್ದಾಳೆ. ಜನ ದೇವರ ಚಿತ್ರ ತೆಗೆದು ಹೊರಟುಬಿಡುತ್ತಾರೆ, ಇವರನ್ನು ನೋಡುವುದೇ ಇಲ್ಲ. ನನ್ನನ್ನು ಕೇಳಿದರೆ ಗುಹೆಯ ಜೀವ ಇವರಲ್ಲಿದೆ. 55ಕ್ಕೆ ಜೂಮ್ ಮಾಡಿ, ಬೋದಿಗೆಯ ಪಕ್ಕದಿಂದ ತೆಗೆ. ಹಿಂದೆ ಬಿಳಿಯ ಆಕಾಶ ಬಂತೋ ಮುಖಗಳು ಕಪ್ಪಾಗುತ್ತವೆ. ಹೊರಗಿನ ಬಿಸಿಲಿಗೂ ಒಳಗಿನ ಗೋಡೆಗೂ ಐದಾರು ಸ್ಟಾಪಿನ ವ್ಯತ್ಯಾಸ ಸುಲಭವಾಗಿ ಇರುತ್ತದೆ, ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು. ಎರಡೂ ಬೇಕೇ ಬೇಕೆಂದರೆ ಎರಡು ಸ್ಟಾಪ್ ಕಡಿಮೆ, ಸರಿ, ಎರಡು ಸ್ಟಾಪ್ ಹೆಚ್ಚು ಅಂತ ಮೂರು ಬಾರಿ ಒತ್ತು. ಇಲ್ಲವೆಂದರೆ ಆಕಾಶದ ಆಸೆ ಬಿಡು.

ನಿನ್ನ ನಟರಾಜ ಇರುವುದು ಒಂದನೇ ಗುಹೆಯಲ್ಲಿ. ಒಳಗೆ ಹುಡುಕಬೇಡ, ಹೊರಗೆ ಬಲಗಡೆಯ ಬಂಡೆಯಲ್ಲೇ ಇದ್ದಾನೆ. ಹದಿನೆಂಟು ತೋಳುಗಳು ಬೀಸಣಿಗೆಯಂತೆ ಹರಡಿವೆ. ಎಡಗಡೆಯ ಒಂಬತ್ತರಲ್ಲಿ ಒಂದೊಂದನ್ನೂ ಬಲಗಡೆಯ ಒಂಬತ್ತರೊಂದಿಗೆ ಜೋಡಿಸಿದರೆ ಎಂಬತ್ತೊಂದು ಭಂಗಿ ಅಂತ ಗೈಡುಗಳು ಲೆಕ್ಕ ಹೇಳುತ್ತಾರೆ, ಕೇಳುವುದಕ್ಕೆ ಚೆನ್ನಾಗಿರುತ್ತದೆ. ಎದುರಿಗೇ ನಿಂತರೆ ತೋಳುಗಳೆಲ್ಲ ಗೋಡೆಗೆ ಒತ್ತಿಕೊಂಡಂತೆ ಚಪ್ಪಟೆ. ಎರಡು ಮೂರು ಹೆಜ್ಜೆ ಪಕ್ಕಕ್ಕೆ ಸರಿದು ನೋಡು, ಒಂದರ ಹಿಂದೆ ಇನ್ನೊಂದು ಬಿಡಿಸಿಕೊಳ್ಳುತ್ತವೆ. ಎಲ್ಲರೂ ಮಾಡುವ ತಪ್ಪು ಒಂದಿದೆ: ತೋಳುಗಳ ಮೋಹಕ್ಕೆ ಬಿದ್ದು ಕೆಳಗಿನ ಭಾಗವನ್ನು ಕತ್ತರಿಸಿಬಿಡುತ್ತಾರೆ. ಪಕ್ಕದಲ್ಲಿ ಗಣಪತಿ ಇದ್ದಾನೆ, ವಾದ್ಯ ಬಾರಿಸುವವನೊಬ್ಬ ಕೂತಿದ್ದಾನೆ. ಅವನನ್ನು ಬಿಟ್ಟರೆ ತಾಳವಿಲ್ಲದ ಕುಣಿತ.

ಮಂಗಗಳ ವಿಷಯ ತಮಾಷೆಯಲ್ಲ. ಅವಕ್ಕೆ ಪ್ಲಾಸ್ಟಿಕ್ ಚೀಲದ ಸರಬರ ಸದ್ದು ಕೇಳಿದರೆ ಸಾಕು. ಬಿಸ್ಕತ್ತು, ಬಾಳೆಹಣ್ಣು, ಜ್ಯೂಸ್ ಬಾಟಲಿ ಯಾವುದೂ ಕೈಯಲ್ಲಿ ಬೇಡ. ಕ್ಯಾಮೆರಾದ ಬೆಲ್ಟನ್ನು ಕೊರಳಿಗೆ ಅಡ್ಡಲಾಗಿ ಹಾಕಿಕೋ, ಲೆನ್ಸಿನ ಮುಚ್ಚಳ ಜಿಪ್ಪಿರುವ ಜೇಬಿನಲ್ಲಿರಲಿ. ಮೆಟ್ಟಿಲ ಮೇಲೆ ಚೀಲ ಇಟ್ಟು ಲೆನ್ಸ್ ಬದಲಿಸಲು ಕೂರಬೇಡ. ಹಲ್ಲು ತೋರಿಸಿದರೆ ದಿಟ್ಟಿಸದೆ ನಿಧಾನವಾಗಿ ಸರಿದುಬಿಡು.

ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಕ್ಯಾಮೆರಾಕ್ಕೆ ರಜೆ. ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಉಂಡು ಮ್ಯೂಸಿಯಂ ನೋಡಿಕೊಂಡು ಬಾ, ಫಲವಂತಿಕೆಯ ದೇವತೆ ಲಜ್ಜಾಗೌರಿ ಅಲ್ಲಿದ್ದಾಳೆ. ಶುಕ್ರವಾರ ಮ್ಯೂಸಿಯಂಗೆ ರಜ, ದಿನ ಆರಿಸುವಾಗ ಗಮನವಿರಲಿ. ಅದರ ಪಕ್ಕದಿಂದಲೇ ಬಡಗಣ ಕೋಟೆಗೆ ದಾರಿ. ಎರಡು ಬಂಡೆಗಳ ಸೀಳಿನಲ್ಲಿ ಮೆಟ್ಟಿಲು ಹತ್ತಬೇಕು. ಒಂದೊಂದು ಮೆಟ್ಟಿಲು ಎರಡು ಮೆಟ್ಟಿಲಿನಷ್ಟು ಎತ್ತರ. ಮೊದಲನೇ ಪುಲಕೇಶಿ 543ರಲ್ಲಿ ಈ ಗುಡ್ಡಕ್ಕೆ ಕೋಟೆ ಕಟ್ಟಿಸಿದ್ದನ್ನು ಬಂಡೆಯ ಮೇಲೆ ಕೊರೆಸಿದ್ದಾನೆ. ಚಾಲುಕ್ಯರ ಕಥೆ ಶುರುವಾಗುವುದೇ ಇಲ್ಲಿಂದ. ಮೇಲಿನಿಂದ ಎದುರು ಗುಡ್ಡ ನೋಡಿದರೆ ನಾಲ್ಕೂ ಗುಹೆಗಳು ಬಂಡೆಯಲ್ಲಿ ಎಲ್ಲೆಲ್ಲಿ ಕೂತಿವೆ ಅಂತ ಒಂದೇ ನೋಟಕ್ಕೆ ತಿಳಿಯುತ್ತದೆ. ಒಂಟಿ ಬಂಡೆಯ ಮೇಲೆ ನಿಂತ ಮಾಲೆಗಿತ್ತಿ ಶಿವಾಲಯಕ್ಕೆ ಬೇರೆ ದಾರಿ, ಸಮಯ ಉಳಿದರೆ ಮಾತ್ರ ಹೋಗು.

ಸಂಜೆ ನಾಲ್ಕೂವರೆಗೆ ಹೊಂಡದ ದಂಡೆಯಲ್ಲಿರಬೇಕು. ಭೂತನಾಥನ ಮುಖ ಪಶ್ಚಿಮಕ್ಕೆ, ಊರಿನ ಕಡೆಯಿಂದ ಬರುವ ಇಳಿಬಿಸಿಲು ನೇರ ಗುಡಿಗೆ ಬೀಳುತ್ತದೆ. ಬೆಳಿಗ್ಗೆ ಹೋದರೆ ಬೆಳಕು ಗುಡಿಯ ಬೆನ್ನಿಗೆ, ನಿನಗೆ ಸಿಗುವುದು ಬರೀ ಕಪ್ಪು ಆಕೃತಿ. ಚಳಿಗಾಲದಲ್ಲಿ ತೆಂಕಣ ಗುಡ್ಡದ ನೆರಳು ನೀರಿನ ಮೇಲೆ ಬೇಗ ಚಾಚುತ್ತದೆ, ಅದಕ್ಕೇ ಸೂರ್ಯಾಸ್ತದವರೆಗೆ ತಡಮಾಡಬೇಡ. ಗುಡಿಯ ಪ್ರತಿಬಿಂಬ ಬೇಕಾದರೆ ದಂಡೆಯ ಕೊನೆಯ ಮೆಟ್ಟಿಲಿಗಿಳಿದು ಕ್ಯಾಮೆರಾವನ್ನು ನೀರಿಗೆ ಒಂದು ಗೇಣು ಎತ್ತರಕ್ಕೆ ತಾ. ಗಾಳಿ ನಿಂತ ಕ್ಷಣಕ್ಕೆ ಕಾಯಬೇಕು. ಮೆಟ್ಟಿಲಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿರುತ್ತಾರೆ. "ಫೋಟೋ ತಗೊಳ್ಳಲೇನ್ರಿ ಅಕ್ಕಾರ?" ಅಂತ ಕೇಳದೆ ಅವರ ಕಡೆ ತಿರುಗಿಸಬೇಡ.

ಅಲ್ಲಿಂದ ಭೂತನಾಥನ ಹತ್ತಿರದ ಬಂಡೆಗೆ ಹೋಗಿ ಕಪ್ಪೆ ಅರಭಟ್ಟನೆಂಬ ವೀರನನ್ನು ಹೊಗಳುವ ಶಾಸನ ನೋಡದೆ ಬಂದರೆ ನಾನು ಮಾತಾಡುವುದಿಲ್ಲ. ಹತ್ತೇ ಸಾಲು, ಸುಮಾರು ಕ್ರಿ.ಶ. 700ರದು, ಕನ್ನಡದ ತ್ರಿಪದಿ ಕಲ್ಲಿನ ಮೇಲೆ ಕೂತಿರುವುದು ಅಲ್ಲಿ. "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ" ಅಂತ ನೀನು ಕಂಠಪಾಠ ಮಾಡಿದ್ದು ಇದೇ. ಶಾಸನದ ಚಿತ್ರ ಎದುರು ಬೆಳಕಿನಲ್ಲಿ ಬರುವುದೇ ಇಲ್ಲ, ಅಕ್ಷರದ ಗುಂಡಿಗಳಿಗೆ ನೆರಳು ಬೀಳಬೇಕು. ಛತ್ರಿ ಬಿಚ್ಚಿ ಕಲ್ಲಿಗೆ ಬೀಳುವ ಬಿಸಿಲು ತಡೆ. ಫೋನಿನ ಟಾರ್ಚನ್ನು ಪಕ್ಕದಿಂದ, ಬಂಡೆಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಹಿಡಿದರೆ ಅಕ್ಷರಗಳು ಒಮ್ಮೆಗೇ ಎದ್ದು ಬರುತ್ತವೆ. ಎಡದಿಂದೊಂದು, ಮೇಲಿನಿಂದೊಂದು ಬೆಳಕಿನಲ್ಲಿ ತೆಗೆ, ಏಕೆಂದರೆ ಅಡ್ಡ ಗೀರು ಒಂದರಲ್ಲಿ ಕಂಡರೆ ಉದ್ದ ಗೀರು ಇನ್ನೊಂದರಲ್ಲಿ ಕಾಣುತ್ತದೆ. ಕ್ಯಾಮೆರಾ ಬಂಡೆಗೆ ನೇರವಾಗಿರಲಿ, ಅಪರ್ಚರ್ 8. ಅಕ್ಷರ ಕಾಣಲಿ ಅಂತ ಸೀಮೆಸುಣ್ಣ ತಿಕ್ಕುವವರು, ನೀರೆರಚುವವರು ಇರುತ್ತಾರೆ. ನೀನು ಆ ಸಾಲಿಗೆ ಸೇರಬೇಡ.

ಎರಡನೆಯ ದಿನ ಪಟ್ಟದಕಲ್ಲಿಗೆ, 22 ಕಿಲೋಮೀಟರ್. ವಿರೂಪಾಕ್ಷ ಗುಡಿ ಪೂರ್ವಾಭಿಮುಖ, ಆದ್ದರಿಂದ ಬೆಳಿಗ್ಗೆಯೇ ತಲುಪು. ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು, ಇಂದಿಗೂ ಪೂಜೆ ನಡೆಯುತ್ತದೆ. ಒಳಗೆ ಜಾಲಂಧ್ರಗಳಿಂದ, ಅಂದರೆ ಕಲ್ಲಿನ ಜಾಲರಿ ಕಿಟಕಿಗಳಿಂದ, ಬೆಳಕು ಕೋಲುಕೋಲಾಗಿ ಇಳಿಯುವಾಗ ಕಂಬದ ರಾಮಾಯಣದ ಸಾಲು ನೋಡು. ಮಧ್ಯಾಹ್ನ ಐಹೊಳೆ. ಹೊತ್ತು ಕಡಿಮೆಯಾದರೆ ದುರ್ಗದ ಗುಡಿಯ ಸುತ್ತಿನ ಕಂಬಸಾಲು ಒಂದನ್ನೇ ನಿಧಾನವಾಗಿ ನೋಡಿ ಬಾ.

ಬಾದಾಮಿ ಸ್ಟೇಷನ್ ಊರಿನಿಂದ ಸುಮಾರು 5 ಕಿಲೋಮೀಟರ್ ದೂರ. ಹೊರಗೆ ಟಂಟಂ ಆಟೋ ಸಿಗುತ್ತದೆ, ಹತ್ತುವ ಮುಂಚೆ ದುಡ್ಡು ಮಾತಾಡು. ಬ್ಯಾಟರಿ ಎರಡು, ಕಾರ್ಡು ಎರಡು ಇರಲಿ. ರಾತ್ರಿ ಚಾರ್ಜಿಗೆ ಹಾಕುವಾಗಲೇ ಚಿತ್ರಗಳನ್ನೂ ನಕಲು ಮಾಡಿಕೋ. ಅರಭಟ್ಟನ ಶಾಸನದ ಚಿತ್ರವನ್ನು ಅವತ್ತೇ ನನಗೆ ಕಳಿಸು. ದೊಡ್ಡದು ಮಾಡಿ ನೋಡಿ, ಯಾವ ಸಾಲಿನ ಯಾವ ಅಕ್ಷರ ಸರಿಯಾಗಿ ಬಂದಿಲ್ಲ ಅಂತ ಹೇಳುತ್ತೇನೆ, ಮಾರನೆಯ ದಿನ ಇನ್ನೊಮ್ಮೆ ತೆಗೆಯಬಹುದು.

ನಿನ್ನ
ಅಮ್ಮ